ಸಕ್ಕರೆಯಿಂದ ನೊರೆ: ಕಿಣ್ವ ಸರಿ, ದ್ರಾವಕ ಯಾವುದು?

ತಿಪಟೂರಿನ ಸಾಬೂನು ಮನೆ | ಜೂನ್ 3, ಬೆಳಿಗ್ಗೆ 10.15

ಎಲ್ಲರಿಗೂ ನಮಸ್ಕಾರ. ಆರು ವರ್ಷಗಳಿಂದ ಮನೆಯಲ್ಲೇ ಕೊಬ್ಬರಿ ಎಣ್ಣೆಯ ಸಾಬೂನು ಮಾಡಿ ಮಾರುತ್ತಿದ್ದೇನೆ. ಕಳೆದ ವರ್ಷ ಶಾಂಪೂ ಮತ್ತು ಪಾತ್ರೆ ತೊಳೆಯುವ ದ್ರವವನ್ನೂ ಆರಂಭಿಸಿದೆ. ಅದಕ್ಕೆ ಡೆಸೈಲ್ ಗ್ಲುಕೋಸೈಡ್ ಎಂಬ, ಸಕ್ಕರೆಯಿಂದ ಮಾಡಿದ ಸರ್ಫ್ಯಾಕ್ಟಂಟನ್ನು (ನೊರೆ ಕೊಟ್ಟು ಜಿಡ್ಡು ತೆಗೆಯುವ ವಸ್ತು) ಡ್ರಮ್ಮಿನಲ್ಲಿ ತರಿಸುತ್ತೇನೆ. ಕೈ ಉರಿಯುವುದಿಲ್ಲ, ಕಣ್ಣಿಗೆ ಬಿದ್ದರೂ ಅಷ್ಟಾಗಿ ಚುರುಗುಟ್ಟುವುದಿಲ್ಲ. ಆದರೆ ಬೆಲೆ ಪ್ರತಿ ಸಲವೂ ಏರುತ್ತಿದೆ.

ಈಚೆಗೆ ಒಂದು ವಿಜ್ಞಾನ ಲೇಖನದಲ್ಲಿ, ಕಿಣ್ವಗಳನ್ನು ಬಳಸಿ, ವಿಷಕಾರಿ ದ್ರಾವಕಗಳಿಲ್ಲದೆ ಸಕ್ಕರೆಯನ್ನೂ ಎಣ್ಣೆಯನ್ನೂ ಬೆಸೆಯಬಹುದು ಎಂದು ಓದಿದೆ. ಅಂದಿನಿಂದ ಅದೇ ಯೋಚನೆ. ಸಕ್ಕರೆ ಮಂಡ್ಯದಲ್ಲಿದೆ, ಕೊಬ್ಬರಿ ನಮ್ಮೂರಿನ ಮಾರುಕಟ್ಟೆಯಲ್ಲೇ ರಾಶಿ ಬಿದ್ದಿರುತ್ತದೆ. ಎರಡನ್ನೂ ಸೇರಿಸಿದ ಡ್ರಮ್ಮು ಮಾತ್ರ ಏಕೆ ದೂರದಿಂದ ಬರಬೇಕು? ಸಣ್ಣ ಮಟ್ಟದಲ್ಲಿ ಇದು ಸಾಧ್ಯವೇ? ಗೊತ್ತಿರುವವರು ದಯವಿಟ್ಟು ಬಿಡಿಸಿ ಹೇಳಬೇಕು. ನಾನು ಪಿಯುಸಿವರೆಗೆ ರಸಾಯನಶಾಸ್ತ್ರ ಓದಿದ್ದೇನೆ.

ಕಿಣ್ವಪ್ರಿಯ | ಜೂನ್ 3, ಮಧ್ಯಾಹ್ನ 1.40

ಮೇಡಂ, ಒಳ್ಳೆಯ ಪ್ರಶ್ನೆ. ಇಪ್ಪತ್ತು ವರ್ಷ ಲಿಪೇಸ್ ಎಂಬ ಕಿಣ್ವದ ಜೊತೆಗೇ ಬದುಕಿದವನು ನಾನು. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ನಿಮ್ಮ ಡ್ರಮ್ಮಿನ ವಿಷಯ. ಡೆಸೈಲ್ ಗ್ಲುಕೋಸೈಡ್ ಮಾಡುವಾಗ ಕಿಣ್ವ ಬಳಸುವುದೇ ಇಲ್ಲ. ಗ್ಲುಕೋಸ್ ಮತ್ತು ಹತ್ತು ಇಂಗಾಲದ ಕೊಬ್ಬಿನ ಆಲ್ಕೋಹಾಲನ್ನು ಸ್ವಲ್ಪ ಆಮ್ಲ ಬೆರೆಸಿ, 100 ಡಿಗ್ರಿಗೂ ಮೇಲೆ, ನಿರ್ವಾತದಲ್ಲಿ ಕಾಯಿಸುತ್ತಾರೆ. ಹುಟ್ಟುವ ನೀರು ಆವಿಯಾಗಿ ಹೋಗುತ್ತದೆ, ಮಿಕ್ಕ ಆಲ್ಕೋಹಾಲನ್ನು ಭಟ್ಟಿ ಇಳಿಸಿ ಮತ್ತೆ ಬಳಸುತ್ತಾರೆ. ಇದರ ಮೂಲ ಕ್ರಿಯೆಯನ್ನು ಜರ್ಮನಿಯ ಎಮಿಲ್ ಫಿಷರ್ 1893ರಲ್ಲೇ ವಿವರಿಸಿದ್ದರು. ದೊಡ್ಡ ಪ್ರಮಾಣದ ಕಾರ್ಖಾನೆಯನ್ನು ಹೆಂಕೆಲ್ ಕಂಪನಿ ಅಮೆರಿಕದ ಸಿನ್ಸಿನಾಟಿಯಲ್ಲಿ 1992ರಲ್ಲಿ ತೆರೆಯಿತು. ಇಲ್ಲಿ ಕೊಬ್ಬಿನ ಆಲ್ಕೋಹಾಲೇ ದ್ರಾವಕ, ಅದೇ ಕಚ್ಚಾವಸ್ತು. ಹೊರಗಿನ ದ್ರಾವಕ ಬೇಕಿಲ್ಲ. ಅಂದರೆ ನೀವು ಈಗ ತರಿಸುತ್ತಿರುವುದೇ ಸಾಕಷ್ಟು ಶುದ್ಧವಾದ ದಾರಿಯಲ್ಲಿ ಬಂದದ್ದು. ಕಿಣ್ವ ಎಂಬ ಹೆಸರಿದ್ದ ಮಾತ್ರಕ್ಕೆ ಇನ್ನೊಂದು ದಾರಿ ಇದಕ್ಕಿಂತ ಹಸಿರು ಎಂದು ನಾನು ಒಪ್ಪುವುದಿಲ್ಲ.

ಕಿಣ್ವಕ್ಕೆ ನಿಜವಾದ ಕೆಲಸವಿರುವುದು ಸಕ್ಕರೆ ಎಸ್ಟರುಗಳಲ್ಲಿ, ಅಂದರೆ ಸಕ್ಕರೆಗೆ ಕೊಬ್ಬಿನಾಮ್ಲ ಬೆಸೆದ ವಸ್ತುಗಳಲ್ಲಿ. ಅವು ಇದೇ ಕುಟುಂಬದ ಇನ್ನೊಂದು ಕವಲು. ಬಿಸ್ಕತ್ತು, ಐಸ್‌ಕ್ರೀಂ ಪೊಟ್ಟಣಗಳ ಮೇಲೆ ಇ 473 ಎಂದಿದ್ದರೆ ಅದು ಸುಕ್ರೋಸಿನ, ಅಂದರೆ ಅಡುಗೆಮನೆಯ ಸಕ್ಕರೆಯ, ಎಸ್ಟರ್. 1950ರ ದಶಕದಲ್ಲಿ ಅಮೆರಿಕದಲ್ಲಿ ಇದನ್ನು ಮಾಡಲು ಹೊರಟಾಗ ಎದುರಾದ ತೊಡಕು ಇಂದಿಗೂ ಉಳಿದಿದೆ: ಸಕ್ಕರೆ ಎಣ್ಣೆಯಲ್ಲಿ ಕರಗುವುದಿಲ್ಲ, ಎಣ್ಣೆ ನೀರಿನಲ್ಲಿ ಕರಗುವುದಿಲ್ಲ. ಎರಡನ್ನೂ ಕರಗಿಸುವ ಮಧ್ಯವರ್ತಿಯಾಗಿ ಅವರು ಹಿಡಿದದ್ದು ಡೈಮೀಥೈಲ್ ಫಾರ್ಮಮೈಡ್. ಅದು ಗರ್ಭಕ್ಕೆ ಹಾನಿ ಮಾಡಬಲ್ಲ ವಸ್ತು. ಯುರೋಪಿನಲ್ಲಿ ಕೆಲಸದ ಸ್ಥಳಗಳಲ್ಲಿ ಅದರ ಬಳಕೆಗೆ 2023ರ ಡಿಸೆಂಬರಿನಿಂದ ಕಟ್ಟುನಿಟ್ಟಾದ ಮಿತಿ ಬಂದಿದೆ. ಜೊತೆಗೆ ಆ ವಿಧಾನದಲ್ಲಿ ಸಕ್ಕರೆಯ ಎಂಟು ಹೈಡ್ರಾಕ್ಸಿಲ್ (ಒಎಚ್) ಕೈಗಳಲ್ಲಿ ಯಾವುದಕ್ಕೆ ಬೇಕಾದರೂ ಕೊಬ್ಬು ಅಂಟಿಕೊಳ್ಳುತ್ತದೆ. ಸಿಗುವುದು ಮಿಶ್ರಣ.

ಲಿಪೇಸ್ ಹಾಗಲ್ಲ. ಗ್ಲುಕೋಸಿನ ಆರನೇ ಇಂಗಾಲದ ಕೈಯನ್ನೇ ಹೆಚ್ಚಾಗಿ ಹುಡುಕಿ ಹಿಡಿಯುತ್ತದೆ, ಅದೂ 50–70 ಡಿಗ್ರಿಯಲ್ಲಿ. ನಮ್ಮ ಹೊಟ್ಟೆಯಲ್ಲಿ ಕೊಬ್ಬನ್ನು ಒಡೆಯುವ ಕಿಣ್ವವೇ, ನೀರು ಕಡಿಮೆಯಿರುವ ಕಡೆ ಇಟ್ಟರೆ ಕ್ರಿಯೆಯನ್ನು ಹಿಂದುಮುಂದಾಗಿಸಿ ಕಟ್ಟುವ ಕೆಲಸ ಮಾಡುತ್ತದೆ. ಅಮೆರಿಕದ ಎಂಐಟಿಯಲ್ಲಿ ಅಲೆಕ್ಸಾಂಡರ್ ಕ್ಲಿಬನೋವ್ ಅವರ ಗುಂಪು 1984ರಲ್ಲಿ ಹಂದಿಯ ಮೇದೋಜೀರಕದ ಲಿಪೇಸ್ ಸಾವಯವ ದ್ರಾವಕದಲ್ಲಿ 100 ಡಿಗ್ರಿಯಲ್ಲೂ ಕೆಲಸ ಮಾಡುವುದನ್ನು ತೋರಿಸಿತು. 1986ರಲ್ಲಿ ಅದೇ ಗುಂಪು ಸಕ್ಕರೆಗಳ ಒಂದೇ ಕೈಗೆ ಕೊಬ್ಬಿನಾಮ್ಲವನ್ನು ಕಟ್ಟಿತು. ಆದರೆ ಅವರು ಬಳಸಿದ ದ್ರಾವಕ ಪಿರಿಡಿನ್. ಮೂಗು ಮುಚ್ಚಿಕೊಳ್ಳಬೇಕಾದ, ವಿಷಕಾರಿ ವಸ್ತು. ಕಿಣ್ವದ ಪ್ರಶ್ನೆ ಅಂದೇ ಬಗೆಹರಿಯಿತು ಎನ್ನಬಹುದು. ದ್ರಾವಕದ ಪ್ರಶ್ನೆ ನಲವತ್ತು ವರ್ಷಗಳಿಂದ ಎಳೆದುಕೊಂಡು ಬಂದಿದೆ.

ನಾಲ್ಕನೇ ಸೆಮಿಸ್ಟರ್ | ಜೂನ್ 3, ರಾತ್ರಿ 9.05

ಸರ್, ನನ್ನ ಎಂಎಸ್ಸಿ ಪ್ರಾಜೆಕ್ಟೇ ಇದು! ನಾಲ್ಕು ತಿಂಗಳಿಂದ ಒದ್ದಾಡುತ್ತಿದ್ದೇನೆ. ಗ್ಲುಕೋಸ್, ಲಾರಿಕ್ ಆಮ್ಲ (ಕೊಬ್ಬರಿ ಎಣ್ಣೆಯ ಮುಖ್ಯ ಕೊಬ್ಬಿನಾಮ್ಲ), ನೊವೊಜೈಮ್ 435 ಎಂಬ ಕಿಣ್ವದ ಮಣಿಗಳು, ದ್ರಾವಕವಾಗಿ ಅಸಿಟೋನ್. ಬಿಸಿ ತಟ್ಟೆಯ ಮೇಲೆ 50 ಡಿಗ್ರಿಯಲ್ಲಿ ಕಾಂತದ ಕಡ್ಡಿ ಹಾಕಿ ಮೂರು ದಿನ ತಿರುಗಿಸುತ್ತೇನೆ. ಟಿಎಲ್‌ಸಿ (ವಸ್ತುಗಳನ್ನು ಚುಕ್ಕೆಗಳಾಗಿ ಬೇರ್ಪಡಿಸಿ ತೋರಿಸುವ) ಫಲಕದಲ್ಲಿ ಮಾಸಲು ಚುಕ್ಕೆಯೊಂದು ಬಂದರೆ ಅದೇ ಹಬ್ಬ. ಫ್ಲಾಸ್ಕಿನ ತಳದಲ್ಲಿ ಗ್ಲುಕೋಸ್ ಹಾಕಿದ ಹಾಗೆಯೇ ಕುಳಿತಿರುತ್ತದೆ. ಎರಡನೇ ಸಲ ಅದೇ ಕಿಣ್ವವನ್ನು ಬಳಸಿದರೆ ಆ ಮಾಸಲು ಚುಕ್ಕೆಯೂ ಇಲ್ಲ. ಕಿಣ್ವದ ಬೆಲೆ ನೋಡಿದರೆ ಹೊಸದನ್ನು ಕೇಳಲು ನನ್ನ ಮಾರ್ಗದರ್ಶಕರ ಬಳಿ ಹೋಗುವುದಕ್ಕೇ ಭಯವಾಗುತ್ತದೆ. ಎಲ್ಲಿ ತಪ್ಪುತ್ತಿದ್ದೇನೆ?

ಕಿಣ್ವಪ್ರಿಯ | ಜೂನ್ 4, ಬೆಳಿಗ್ಗೆ 7.30

ಮಗಳೇ, ಭಯಪಡಬೇಡ. ಇವೆಲ್ಲವೂ ನಾನು ಮಾಡಿದ ತಪ್ಪುಗಳೇ.

ಗ್ಲುಕೋಸ್ ಅಸಿಟೋನಿನಲ್ಲಿ ಕರಗುವುದು ತೀರಾ ಅತ್ಯಲ್ಪ. ಕರಗದ ಸಕ್ಕರೆಯನ್ನು ಕಿಣ್ವ ಮುಟ್ಟಲಾರದು. ದ್ರಾವಕ ಬದಲಿಸು. 2-ಮೀಥೈಲ್-2-ಬ್ಯುಟನಾಲ್ ಎಂಬ ತೃತೀಯಕ ಆಲ್ಕೋಹಾಲ್ ಈ ಕ್ಷೇತ್ರದಲ್ಲಿ ಬಹಳ ಮಂದಿ ಹಿಡಿದ ದಾರಿ. ಕುದಿಬಿಂದು 102 ಡಿಗ್ರಿ, ವಿಷತ್ವ ಪಿರಿಡಿನ್‌ಗಿಂತ ಎಷ್ಟೋ ಕಡಿಮೆ. ಅದರಲ್ಲಿ ನೂರಕ್ಕೆ ಇಪ್ಪತ್ತು ಪಾಲು ಡಿಎಂಎಸ್‌ಒ ಎಂಬ ಇನ್ನೊಂದು ದ್ರಾವಕ ಬೆರೆಸಿದರೆ ಸುಕ್ರೋಸ್ ಕೂಡ ಅಷ್ಟಿಷ್ಟು ಕರಗುತ್ತದೆ. ಸ್ಪೇನಿನ ಸಂಶೋಧಕರು ಇದೇ ಮಿಶ್ರಣದಲ್ಲಿ ಥರ್ಮೊಮೈಸಿಸ್ ಲಾನುಜಿನೋಸಸ್ ಶಿಲೀಂಧ್ರದ ಲಿಪೇಸ್ ಹಾಕಿ ಸುಕ್ರೋಸಿನ ಆರನೇ ಕೈಗೆ ಲಾರಿಕ್ ಕೊಬ್ಬನ್ನು ಅಂಟಿಸಿದರು. ನೀನು ಗ್ಲುಕೋಸ್ ಬದಲು ಫ್ರಕ್ಟೋಸ್‌ನಿಂದ ಆರಂಭಿಸಿದರೆ ಇನ್ನೂ ಸುಲಭ, ಅದು ಹೆಚ್ಚು ಕರಗುತ್ತದೆ.

ಇನ್ನು ನೀರು. ಒಂದೊಂದು ಎಸ್ಟರ್ ಬಂಧ ಕಟ್ಟಿದಾಗಲೂ ಒಂದು ನೀರಿನ ಅಣು ಹುಟ್ಟುತ್ತದೆ. ಅದು ಅಲ್ಲೇ ಉಳಿದರೆ ಅದೇ ಕಿಣ್ವ ಕಟ್ಟಿದ್ದನ್ನು ಒಡೆಯಲು ತೊಡಗುತ್ತದೆ. ನೀರು ಹೀರುವ ಮಾಲಿಕ್ಯುಲರ್ ಸೀವ್ ಹಾಕಿದ್ದೀಯಾ? ಹಾಕಿದ್ದರೆ, ಡಬ್ಬಿಯಿಂದ ತೆಗೆದು ಹಾಗೆಯೇ ಹಾಕಿದೆಯೋ, 250–300 ಡಿಗ್ರಿಯಲ್ಲಿ ಒಣಗಿಸಿ ಹಾಕಿದೆಯೋ? ಗಾಳಿಯ ತೇವ ಕುಡಿದ ಸೀವ್ ಇನ್ನೇನನ್ನೂ ಹೀರುವುದಿಲ್ಲ.

ಎರಡನೇ ಸಲ ಕಿಣ್ವ ಸತ್ತದ್ದಕ್ಕೆ ನಿನ್ನ ಕಾಂತದ ಕಡ್ಡಿಯೇ ಕಾರಣವಿರಬೇಕು. ನೊವೊಜೈಮ್ 435 ಎಂದರೆ ಅಕ್ರಿಲಿಕ್ ರಾಳದ ರಂಧ್ರಮಯ ಮಣಿಗಳ ಮೇಲೆ ಕುಳಿತ ಕ್ಯಾಂಡಿಡಾ ಅಂಟಾರ್ಕ್ಟಿಕಾ ಲಿಪೇಸ್ ಬಿ. (ಅಂಟಾರ್ಕ್ಟಿಕಾದ ಸರೋವರವೊಂದರಲ್ಲಿ ಸಿಕ್ಕಿದ ಯೀಸ್ಟಿನದು ಈ ಕಿಣ್ವ. ಅಂಥ ಚಳಿಯಲ್ಲಿ ಹುಟ್ಟಿದ್ದು 70 ಡಿಗ್ರಿ ತಡೆಯುತ್ತದೆ ಎನ್ನುವುದು ನನಗೆ ಇಂದಿಗೂ ಬೆರಗು.) ಕಡ್ಡಿ ತಿರುಗುವಾಗ ಆ ಮಣಿಗಳನ್ನು ಒರಳಿನಲ್ಲಿ ಹಾಕಿದಂತೆ ಅರೆದುಬಿಡುತ್ತದೆ. ಕುಲುಕುವ ಯಂತ್ರ ಬಳಸು. ಇನ್ನೊಂದು ಕಾರಣವೂ ಇದೆ. ಈ ಕಿಣ್ವ ಮಣಿಗೆ ಗಟ್ಟಿಯಾಗಿ ಬೆಸೆದುಕೊಂಡಿಲ್ಲ, ಬರೀ ಹಿಡಿದುಕೊಂಡಿದೆ. ನೀನು ಮಾಡುತ್ತಿರುವುದೋ ಸರ್ಫ್ಯಾಕ್ಟಂಟ್. ಅಂದರೆ ಹುಟ್ಟಿದ ಕೂಸೇ ತಾಯಿಯನ್ನು ಮಣಿಯಿಂದ ತೊಳೆದು ಹಾಕಬಲ್ಲದು. ಡಿಎಂಎಸ್‌ಒ ಹೆಚ್ಚಾದರೂ ಇದೇ ಗತಿ. ಹಾಗಾಗಿ ಪ್ರತಿ ಸರದಿಯ ನಂತರವೂ ಮಣಿಗಳನ್ನು ಶುದ್ಧ ದ್ರಾವಕದಲ್ಲಿ ತೊಳೆದು, ಒಣಗಿಸಿ, ಎಷ್ಟು ಶಕ್ತಿ ಉಳಿದಿದೆ ಎಂದು ಅಳೆದು ಬರೆದಿಡು. ಕಿಣ್ವ ಎಷ್ಟು ಸರದಿ ಬಾಳುತ್ತದೆ ಎನ್ನುವುದರ ಮೇಲೆಯೇ ಇಡೀ ಲೆಕ್ಕ ನಿಂತಿದೆ.

ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆಯಾದ ಸಿಎಫ್‌ಟಿಆರ್‌ಐನಲ್ಲಿ ರೈಜೊಮ್ಯೂಕರ್ ಮಿಹೈ ಎಂಬ ಶಿಲೀಂಧ್ರದ ಲಿಪೇಸ್ ಬಳಸಿ ಎಸ್ಟರುಗಳ ಮೇಲೆ ಬಹಳ ಕೆಲಸ ನಡೆದಿದೆ. ನಿನ್ನ ಗ್ರಂಥಾಲಯದಲ್ಲಿ ಆ ಪ್ರಬಂಧಗಳನ್ನು ಹುಡುಕಿ ಓದು.

ಕಬ್ಬಿನಗದ್ದೆ | ಜೂನ್ 4, ಸಂಜೆ 6.20

ನಾನು ಮಂಡ್ಯ ಕಡೆಯವನು. ಸಕ್ಕರೆ ಕಾರ್ಖಾನೆಯೊಂದರ ಡಿಸ್ಟಿಲರಿಯಲ್ಲಿ ಕೆಮಿಸ್ಟ್. ಕಾಕಂಬಿಯಿಂದ ಎಥನಾಲ್ ತೆಗೆಯುವುದೇ ನಮ್ಮ ದಿನನಿತ್ಯದ ಕೆಲಸ. ಹಸಿರು ದ್ರಾವಕ ಹುಡುಕುತ್ತಿದ್ದೀರಲ್ಲ, ಎಥನಾಲಿಗಿಂತ ಹಸಿರು ಯಾವುದಿದೆ? ಕಬ್ಬಿನಿಂದ ಬರುತ್ತದೆ, ವಿಷ ಕಡಿಮೆ, ಭಟ್ಟಿ ಇಳಿಸಿ ಮತ್ತೆ ಬಳಸಬಹುದು. ಸಕ್ಕರೆಯ ಪಕ್ಕದಲ್ಲೇ ಅದರ ಟ್ಯಾಂಕ್ ನಿಂತಿರುತ್ತದೆ. ಹೆಸರು ಹೇಳಲು ನಾಲಿಗೆ ತೊಡರುವ ಆ ಬ್ಯುಟನಾಲ್ ಏಕೆ?

ಕಿಣ್ವಪ್ರಿಯ | ಜೂನ್ 4, ರಾತ್ರಿ 8.10

ಕೇಳಲೇಬೇಕಾದ ಪ್ರಶ್ನೆ ಸರ್. ಎಥನಾಲಿನಲ್ಲೂ ಒಂದು ಹೈಡ್ರಾಕ್ಸಿಲ್ ಕೈ ಇದೆ, ಅದೂ ಯಾವ ಅಡ್ಡಿಯೂ ಇಲ್ಲದೆ ಚಾಚಿಕೊಂಡಿರುವ ಕೈ. ಲಿಪೇಸಿಗೆ ಸಕ್ಕರೆಯ ಕೈಗಿಂತ ಅದು ಸುಲಭವಾಗಿ ಸಿಗುತ್ತದೆ. ಲಾರಿಕ್ ಆಮ್ಲವನ್ನು ಎಥನಾಲಿಗೇ ಕಟ್ಟಿ ಈಥೈಲ್ ಲಾರೇಟ್ ಮಾಡಿಕೊಂಡು ಕುಳಿತುಬಿಡುತ್ತದೆ. ಮದುವೆಗೆ ಬಂದ ನೆಂಟನನ್ನೇ ವರ ಮಾಡಿಕೊಂಡಂತೆ. ತೃತೀಯಕ ಆಲ್ಕೋಹಾಲಿನಲ್ಲಿ ಕೈ ಇದ್ದರೂ ಅದರ ಸುತ್ತ ಮೂರು ಇಂಗಾಲದ ಗುಂಪುಗಳು ಗೋಡೆ ಕಟ್ಟಿರುತ್ತವೆ, ಕಿಣ್ವದ ಬಾಯಿಗೆ ಅದು ಸಿಗುವುದಿಲ್ಲ. ಅದಕ್ಕೇ ಆ ನಾಲಿಗೆ ತೊಡರುವ ಹೆಸರು.

ಆದರೆ ನಿಮ್ಮ ಎಥನಾಲನ್ನು ಪೂರ್ತಿ ಬದಿಗಿಡಬೇಡಿ. ಬೇರೊಂದು ಬಾಗಿಲಿನಿಂದ ಅದು ಒಳಗೆ ಬರಬಹುದು. ಅದನ್ನು ನಾಳೆ ನಾಡಿದ್ದು ಬರೆಯುತ್ತೇನೆ.

ಧಾರವಾಡ ಮಾಸ್ತರ | ಜೂನ್ 5, ಬೆಳಿಗ್ಗೆ 11.00

ನಿವೃತ್ತ ರಸಾಯನಶಾಸ್ತ್ರ ಶಿಕ್ಷಕ ನಾನು. ಡೀಪ್ ಯೂಟೆಕ್ಟಿಕ್ ದ್ರಾವಕಗಳ (ಬೆರೆಸಿದಾಗ ದ್ರವವಾಗುವ ಘನವಸ್ತುಗಳ ಜೋಡಿ) ಮಾತು ಇನ್ನೂ ಬಂದಿಲ್ಲ, ಆದ್ದರಿಂದ ಸೇರಿಸುತ್ತೇನೆ.

ಕುಲ್ಫಿ ಮಾರುವವನು ಮಂಜುಗಡ್ಡೆಗೆ ಉಪ್ಪು ಬೆರೆಸುವುದನ್ನು ಎಲ್ಲರೂ ನೋಡಿದ್ದೀರಿ. ಮಂಜು ಶೂನ್ಯ ಡಿಗ್ರಿಯಲ್ಲಿ ಕರಗುತ್ತದೆ, ಉಪ್ಪು 801 ಡಿಗ್ರಿಯಲ್ಲಿ. ಎರಡೂ ಸೇರಿದಾಗ ಸುಮಾರು ಮೈನಸ್ 21 ಡಿಗ್ರಿಯವರೆಗೆ ದ್ರವವಾಗಿಯೇ ಇರಬಲ್ಲವು. ಎರಡು ವಸ್ತುಗಳು ಒಂದರ ಅಚ್ಚುಕಟ್ಟನ್ನು ಇನ್ನೊಂದು ಕೆಡಿಸುತ್ತವೆ, ಹಾಗಾಗಿ ಗಟ್ಟಿಯಾಗಲು ಇಬ್ಬರಿಗೂ ಆಗುವುದಿಲ್ಲ. ಬ್ರಿಟನ್ನಿನ ಆಂಡ್ರ್ಯೂ ಅಬ್ಬಟ್ ಮತ್ತು ಸಂಗಡಿಗರು 2003ರಲ್ಲಿ ಇದೇ ತತ್ವದ ಇನ್ನೊಂದು ಜೋಡಿಯನ್ನು ತೋರಿಸಿದರು. ಕೋಲೀನ್ ಕ್ಲೋರೈಡ್ ಕರಗಲು 302 ಡಿಗ್ರಿ ಬೇಕು, ಯೂರಿಯಾಕ್ಕೆ 133. ಒಂದು ಪಾಲು ಕೋಲೀನ್ ಕ್ಲೋರೈಡಿಗೆ ಎರಡು ಪಾಲು ಯೂರಿಯಾ ಬೆರೆಸಿದರೆ 12 ಡಿಗ್ರಿಯಲ್ಲೇ ದ್ರವ! ಕೋಲೀನ್ ಕ್ಲೋರೈಡ್ ಎಂದರೆ ಬೆಚ್ಚಬೇಕಿಲ್ಲ, ಕೋಳಿಗಳ ಆಹಾರಕ್ಕೆ ಬೆರೆಸುವ ವಸ್ತು. ಯೂರಿಯಾ ಹೊಲಕ್ಕೆ ಹಾಕುವುದೇ.

ಈ ಚರ್ಚೆಗೆ ಬೇಕಾದ ಮಾತು ಈಗ ಬಂತು. ಯೂರಿಯಾದ ಜಾಗದಲ್ಲಿ ಗ್ಲುಕೋಸನ್ನೇ ಹಾಕಿದರೂ ಕೋಲೀನ್ ಕ್ಲೋರೈಡಿನೊಡನೆ ದ್ರವವಾಗುತ್ತದೆ. ಆಗ ಸಕ್ಕರೆಯನ್ನು ಕರಗಿಸಲು ದ್ರಾವಕ ಹುಡುಕುವ ಪ್ರಮೇಯವೇ ಇಲ್ಲ, ಸಕ್ಕರೆಯೇ ದ್ರಾವಕದ ಅರ್ಧ ಭಾಗ. ಲಿಪೇಸ್ ಇಂಥ ದ್ರವಗಳಲ್ಲಿ ಬದುಕುತ್ತದೆ ಎಂದು ಅಮೆರಿಕದ ಮಿನೆಸೋಟಾದ ಸಂಶೋಧಕರು 2008ರಲ್ಲಿ ತೋರಿಸಿದ್ದಾರೆ. ಯೂರಿಯಾ ಪ್ರೋಟೀನನ್ನು ಬಿಚ್ಚಿಹಾಕುತ್ತದೆ ಎಂದು ನಾನು ಮೂವತ್ತು ವರ್ಷ ಪಾಠ ಮಾಡಿದ್ದೆ. ಕೋಲೀನ್ ಜೊತೆ ಸೇರಿದಾಗ ಅದೇ ಯೂರಿಯಾದ ನಡುವೆ ಕಿಣ್ವ ಕೆಲಸ ಮಾಡುತ್ತದೆ ಎಂದು ಓದಿದ ದಿನ ನನಗೆ ನಿದ್ದೆ ಬರಲಿಲ್ಲ.

ನಾಲ್ಕನೇ ಸೆಮಿಸ್ಟರ್ | ಜೂನ್ 5, ಮಧ್ಯಾಹ್ನ 3.25

ಸರ್, ನಿಮ್ಮ ಬರಹ ಓದಿ ಹುಡುಕಿದೆ. ಜರ್ಮನಿಯ ಕಾರ್ಲ್ಸ್‌ರೂಹೆಯ ಸಂಶೋಧಕರು 2018ರಲ್ಲಿ ಜೇನುತುಪ್ಪದಲ್ಲೇ ಸಕ್ಕರೆ ಎಸ್ಟರ್ ಮಾಡಿದ್ದಾರೆ! ಭೂತಾಳೆ ಜಾತಿಯ ಗಿಡದ ಪಾಕದಲ್ಲೂ ಮಾಡಿದ್ದಾರೆ. ಜೇನು ಎಂದರೆ ಗ್ಲುಕೋಸ್ ಮತ್ತು ಫ್ರಕ್ಟೋಸ್, ಅವು ಒಂದನ್ನೊಂದು ದ್ರವವಾಗಿ ಹಿಡಿದಿಟ್ಟಿವೆ. ಅದೇ ದ್ರಾವಕ, ಅದೇ ಕಚ್ಚಾವಸ್ತು. ಕಿಣ್ವವೂ ನಾನು ಬಳಸುವ ಲಿಪೇಸ್ ಬಿ. ಓದುತ್ತಾ ಓದುತ್ತಾ ಮೈ ನವಿರೆದ್ದಿತು. ನನ್ನ ಪ್ರಾಜೆಕ್ಟನ್ನು ಈ ಕಡೆಗೆ ತಿರುಗಿಸಿಬಿಡಲೇ?

ಕಿಣ್ವಪ್ರಿಯ | ಜೂನ್ 5, ರಾತ್ರಿ 9.50

ತಿರುಗಿಸುವ ಮುನ್ನ ಮೂರು ಮಾತು ಕೇಳು. ಉತ್ಸಾಹಕ್ಕೆ ತಣ್ಣೀರು ಎರಚುವ ಉದ್ದೇಶ ನನಗಿಲ್ಲ, ಆ ಕೆಲಸ ನನಗೂ ಬಹಳ ಇಷ್ಟವಾದದ್ದು.

ಈ ದ್ರವಗಳು ತೀರಾ ಗಟ್ಟಿ. ಮಾಸ್ತರರು ಹೇಳಿದ ಕೋಲೀನ್–ಯೂರಿಯಾ ಮಿಶ್ರಣವೇ ಕೋಣೆಯ ಉಷ್ಣತೆಯಲ್ಲಿ ನೀರಿಗಿಂತ ನೂರಾರು ಪಟ್ಟು ಮಂದ. ಸಕ್ಕರೆಯದು ಅದಕ್ಕಿಂತಲೂ ಹೆಚ್ಚು, ಎಳೆ ಪಾಕ ಬಂದ ಮೇಲೆ ಸೌಟು ತಿರುಗಿಸಿದ ಹಾಗೆ. ಕೊಬ್ಬಿನಾಮ್ಲ ಅದರಲ್ಲಿ ಕರಗದೆ ಮೇಲೆ ತೇಲುತ್ತದೆ. ಕಿಣ್ವದ ಬಳಿಗೆ ಎರಡೂ ಬಂದು ಸೇರಲು ಕಾಲ ಹಿಡಿಯುತ್ತದೆ. ಸ್ವಲ್ಪ ನೀರು ಬೆರೆಸಿದರೆ ಪಾಕ ತೆಳುವಾಗುತ್ತದೆ, ಆದರೆ ನೀರು ಹೆಚ್ಚಿದಷ್ಟೂ ಕಿಣ್ವ ಹಿಮ್ಮುಖವಾಗುತ್ತದೆ.

ಈ ಕಾರಣಕ್ಕೇ ಇಂಥ ಪ್ರಯೋಗಗಳಲ್ಲಿ ಲಾರಿಕ್ ಆಮ್ಲದ ಬದಲು ವಿನೈಲ್ ಲಾರೇಟ್ ಹಾಕುವುದು ರೂಢಿ. ಅದರಿಂದ ಬಿಡುಗಡೆಯಾಗುವ ವಿನೈಲ್ ಆಲ್ಕೋಹಾಲ್ ತಕ್ಷಣ ಅಸಿಟಾಲ್ಡಿಹೈಡ್ ಆಗಿ ಹಾರಿಹೋಗುತ್ತದೆ, ಕ್ರಿಯೆ ಹಿಂದಕ್ಕೆ ಬರುವಂತಿಲ್ಲ. ಪ್ರಯೋಗಾಲಯದಲ್ಲಿ ಅನುಕೂಲ ನಿಜ. ಅಣುತೂಕಗಳ ಲೆಕ್ಕ ಹಾಕಿ ನೋಡು. ಗ್ಲುಕೋಸ್ 180, ಲಾರಿಕ್ ಆಮ್ಲ 200, ಒಟ್ಟು 380. ಸಿಗುವ ಎಸ್ಟರ್ 362, ಹೊರಹೋಗುವುದು 18 ತೂಕದ ನೀರು. ಹಾಕಿದ್ದರಲ್ಲಿ ನೂರಕ್ಕೆ 95 ಪಾಲು ಉತ್ಪನ್ನದಲ್ಲೇ ಉಳಿಯಿತು. ವಿನೈಲ್ ಲಾರೇಟ್ 226. 180 ಸೇರಿದರೆ 406, ಅದರಲ್ಲಿ ಉಳಿಯುವುದು 89 ಪಾಲು. ಹೊರಹೋಗುವುದು ನೀರಲ್ಲ, ಅಸಿಟಾಲ್ಡಿಹೈಡ್. ಅದು ಕೆಲವು ಲಿಪೇಸುಗಳಲ್ಲಿರುವ ಲೈಸೀನ್ ಎಂಬ ಅಮೈನೋ ಆಮ್ಲಕ್ಕೆ ಅಂಟಿಕೊಂಡು ಅವನ್ನು ಕೊಲ್ಲುತ್ತದೆ. ವಿನೈಲ್ ಗುಂಪು ಬರುವುದೂ ಪೆಟ್ರೋಲಿಯಂ ಕಡೆಯಿಂದಲೇ.

ಕೊನೆಗೆ, ಜೇನಿನೊಳಗೆ ಹುಟ್ಟಿದ ಎಸ್ಟರನ್ನು ಹೊರತೆಗೆಯುವುದು ಹೇಗೆ? ಸಾಮಾನ್ಯವಾಗಿ ಈಥೈಲ್ ಅಸಿಟೇಟ್ ಸುರಿದು ಎಳೆಯುತ್ತಾರೆ. ಮುಂಬಾಗಿಲಿನಿಂದ ಕಳಿಸಿದ ದ್ರಾವಕ ಹಿತ್ತಿಲ ಬಾಗಿಲಿನಿಂದ ಮತ್ತೆ ಬಂತು. ಕ್ರಿಯೆ ನಡೆಯುವ ಪಾತ್ರೆಯನ್ನಷ್ಟೇ ನೋಡಿ ಹಸಿರು ಎನ್ನಬಾರದು. ತೊಳೆಯುವ, ಬೇರ್ಪಡಿಸುವ, ಒಣಗಿಸುವ ಪಾತ್ರೆಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು. ನನ್ನ ಅನುಭವದಲ್ಲಿ ದ್ರಾವಕ ಹೆಚ್ಚು ಖರ್ಚಾಗುವುದು ಅಲ್ಲಿಯೇ.

ಬೆಳ್ಳಂದೂರು ನಿವಾಸಿ | ಜೂನ್ 6, ಬೆಳಿಗ್ಗೆ 8.45

ವಿಷಯ ತಿಳಿಯದವಳು ನಡುವೆ ಮಾತಾಡುತ್ತಿದ್ದೇನೆ, ಕ್ಷಮಿಸಿ. 2015ರಲ್ಲಿ ಯಮಲೂರಿನ ಬಳಿ ನಮ್ಮ ಕೆರೆಯ ನೊರೆ ರಸ್ತೆಗೆ ಹಾರಿ ಬಂದು ಸ್ಕೂಟರಿನ ಮೇಲೆ ಬೀಳುತ್ತಿತ್ತು. ಅದೇ ವರ್ಷ ಮೇ ತಿಂಗಳಲ್ಲಿ ಆ ನೊರೆಗೆ ಬೆಂಕಿಯೂ ಹೊತ್ತಿತು. ಮಗಳನ್ನು ಶಾಲೆಗೆ ಕರೆದುಕೊಂಡು ಹೋಗುವಾಗ ಅವಳ ಮುಖಕ್ಕೆ ಬಟ್ಟೆ ಸುತ್ತುತ್ತಿದ್ದೆ. ಎಲ್ಲರೂ ಇಂಥ ಸಕ್ಕರೆಯ ಸಾಬೂನು ಬಳಸಿದರೆ ಅದು ನಿಲ್ಲುತ್ತಿತ್ತೇ?

ಧಾರವಾಡ ಮಾಸ್ತರ | ಜೂನ್ 6, ಬೆಳಿಗ್ಗೆ 11.30

ತಂಗಿ, ಕ್ಷಮೆ ಕೇಳುವ ಮಾತೇ ಇಲ್ಲ. ನೀವು ಕೇಳಿದ್ದೇ ಈ ಎಲ್ಲ ಚರ್ಚೆಯ ಬುಡದಲ್ಲಿರುವ ಪ್ರಶ್ನೆ.

ಬಟ್ಟೆ ಸೋಪಿನ ಪುಡಿಗಳಲ್ಲಿ ಹೆಚ್ಚಾಗಿ ಇರುವುದು ಲೀನಿಯರ್ ಆಲ್ಕೈಲ್ ಬೆಂಜೀನ್ ಸಲ್ಫೊನೇಟ್. ಆಮ್ಲಜನಕ ಇರುವ ನೀರಿನಲ್ಲಿ ಬ್ಯಾಕ್ಟೀರಿಯಾಗಳು ಅದನ್ನು ತಿಂದು ಮುಗಿಸುತ್ತವೆ. ಕೊಳಚೆ ತುಂಬಿ ಉಸಿರುಗಟ್ಟಿದ ಕೆರೆಯಲ್ಲಿ ಆಮ್ಲಜನಕವೇ ಇಲ್ಲದಾಗ ಅದು ತಳದ ಹೂಳಿನಲ್ಲಿ ಕೂಡುತ್ತಾ ಹೋಗುತ್ತದೆ. ಸಕ್ಕರೆಯ ಗ್ಲುಕೋಸೈಡುಗಳು ಆಮ್ಲಜನಕವಿಲ್ಲದ ಕಡೆಯೂ ಒಡೆಯುತ್ತವೆ. ಅಷ್ಟರಮಟ್ಟಿಗೆ ಅವು ನಿಜಕ್ಕೂ ಮೇಲು.

ಆದರೆ ಅವೂ ನೊರೆ ಕೊಡುತ್ತವೆ, ಕೊಡಲೆಂದೇ ಮಾಡಿದವು. ಶುದ್ಧೀಕರಿಸದ ಚರಂಡಿ ನೀರನ್ನು ಕೆರೆಗೆ ಬಿಡುತ್ತಿರುವವರೆಗೆ ಯಾವ ಸಾಬೂನೂ ಆ ಕೆರೆಯನ್ನು ಉಳಿಸಲಾರದು. ಸಸ್ಯಮೂಲದ್ದು ಎಂದ ಕೂಡಲೇ ನಿರಪಾಯ ಎಂದೂ ತಿಳಿಯಬಾರದು. ನಮ್ಮ ಅಜ್ಜಿಯರು ರೇಷ್ಮೆ ಸೀರೆ ತೊಳೆಯುತ್ತಿದ್ದ ಅಂಟುವಾಳ, ಎಣ್ಣೆಸ್ನಾನದ ಸೀಗೆಪುಡಿ, ಎರಡರಲ್ಲೂ ಇರುವುದು ಸಪೋನಿನ್. ಕೊಬ್ಬನ್ನು ಹೋಲುವ ದೊಡ್ಡ ಅಣುವಿಗೆ ಸಕ್ಕರೆಯ ಸರಪಳಿ ಕಟ್ಟಿದ್ದೇ ಅದು. ಅಂದರೆ ಸಕ್ಕರೆಯ ಸರ್ಫ್ಯಾಕ್ಟಂಟ್ ನಮಗೆ ಹೊಸದಲ್ಲ, ಗಿಡವೇ ತನ್ನ ಕಿಣ್ವಗಳಿಂದ ನೀರಿನಲ್ಲೇ ಅದನ್ನು ಮಾಡಿಟ್ಟಿದೆ. ಆದರೂ ಸಪೋನಿನ್ ಮೀನಿಗೆ ವಿಷ, ಕಿವಿರುಗಳನ್ನು ಹಾಳು ಮಾಡುತ್ತದೆ. ಎಲ್ಲಿಂದ ಬಂತು ಎಂಬುದಷ್ಟೇ ಅಲ್ಲ, ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ಕೇಳಬೇಕು.

ತಿಪಟೂರಿನ ಸಾಬೂನು ಮನೆ | ಜೂನ್ 6, ಮಧ್ಯಾಹ್ನ 2.15

ಇಷ್ಟೆಲ್ಲ ಬರೆಯುತ್ತಿರುವವರಿಗೆ ಹೇಗೆ ಧನ್ಯವಾದ ಹೇಳಲಿ! ಎರಡೆರಡು ಸಲ ಓದಿ ಟಿಪ್ಪಣಿ ಮಾಡಿಕೊಳ್ಳುತ್ತಿದ್ದೇನೆ. ಒಂದು ಸಂದೇಹ. ಒಂದು ವೇಳೆ ಕಿಣ್ವದ ಎಸ್ಟರ್ ಸಿಕ್ಕಿತು ಎಂದುಕೊಳ್ಳೋಣ. ಅದನ್ನು ನನ್ನ ಪಾತ್ರೆ ತೊಳೆಯುವ ದ್ರವಕ್ಕೆ ಹಾಕಬಹುದೇ? ನನ್ನ ಸಾಬೂನಿಗೆ?

ಕಿಣ್ವಪ್ರಿಯ | ಜೂನ್ 6, ಸಂಜೆ 5.40

ಸಾಬೂನಿಗೆ ಬೇಡ ಮೇಡಂ. ನಿಮ್ಮ ಸಾಬೂನಿನ ನೀರು ಕ್ಷಾರೀಯ, ಪಿಎಚ್ 9–10. ಎಸ್ಟರ್ ಬಂಧಕ್ಕೆ ಕ್ಷಾರ ಎಂದರೆ ಕತ್ತರಿ. ನೀವು ಎಣ್ಣೆಯ ಎಸ್ಟರನ್ನು ಕಾಸ್ಟಿಕ್ ಸೋಡಾದಿಂದ ಕತ್ತರಿಸಿಯೇ ಅಲ್ಲವೇ ಸಾಬೂನು ಮಾಡುವುದು? ಸಕ್ಕರೆ ಎಸ್ಟರಿಗೂ ನಿಧಾನವಾಗಿ ಅದೇ ಆಗುತ್ತದೆ. ನಿಮ್ಮ ಡೆಸೈಲ್ ಗ್ಲುಕೋಸೈಡಿನಲ್ಲಿರುವುದು ಈಥರಿನಂಥ ಬಂಧ, ಅದು ಕ್ಷಾರಕ್ಕೆ ಜಗ್ಗುವುದಿಲ್ಲ, ತೀವ್ರ ಆಮ್ಲಕ್ಕೆ ಮಾತ್ರ ಮುರಿಯುತ್ತದೆ. ಪಾತ್ರೆಯ ದ್ರವಕ್ಕೆ ಅದನ್ನೇ ಮುಂದುವರಿಸಿ.

ಎಸ್ಟರುಗಳ ಜಾಗ ಪಿಎಚ್ 5ರಿಂದ 7ರ ನಡುವೆ: ಮುಖದ ಕ್ರೀಮು, ಲೋಷನ್, ತಿನಿಸು. ನೀರು–ಎಣ್ಣೆಯ ಒಲವನ್ನು ಅಳೆಯುವ ಎಚ್‌ಎಲ್‌ಬಿ ಎಂಬ ಅಂಕೆ ನಿಮಗೆ ಗೊತ್ತಿರಬಹುದು. ಅಣುವಿನಲ್ಲಿ ನೀರನ್ನು ಇಷ್ಟಪಡುವ ಭಾಗದ ತೂಕವನ್ನು ಒಟ್ಟು ತೂಕದಿಂದ ಭಾಗಿಸಿ 20ರಿಂದ ಗುಣಿಸಿದರೆ ಅದು ಸಿಗುತ್ತದೆ. ಗ್ಲುಕೋಸಿಗೆ ಒಂದು ಲಾರಿಕ್ ಸೇರಿದರೆ ಸುಮಾರು 10, ಸುಕ್ರೋಸಿಗೆ ಒಂದು ಲಾರಿಕ್ ಸೇರಿದರೆ 13. ಎಣ್ಣೆಯನ್ನು ನೀರಿನಲ್ಲಿ ಹಾಲಿನಂತೆ ಹರಡಿ ನಿಲ್ಲಿಸಲು ಇವು ಹೇಳಿ ಮಾಡಿಸಿದ ಅಂಕೆಗಳು. ನಿಮ್ಮದೇ ಒಂದು ಲೋಷನ್ ಮಾಡುವ ಯೋಚನೆ ಇದ್ದರೆ ಆಗ ಕಿಣ್ವದ ಎಸ್ಟರ್ ಕೆಲಸಕ್ಕೆ ಬರುತ್ತದೆ, ಬೆಲೆಯೂ ಅಲ್ಲಿಯೇ ಗಿಟ್ಟುತ್ತದೆ.

ಶಾಂಪೂಗೆ ಇನ್ನೊಂದು ದಾರಿಯೂ ತೆರೆಯುತ್ತಿದೆ. ಇಲ್ಲಿ ಕಿಣ್ವವನ್ನು ಹೊರಗೆ ತೆಗೆಯುವುದೇ ಇಲ್ಲ, ಇಡೀ ಬ್ಯಾಕ್ಟೀರಿಯಾಕ್ಕೆ ಸಕ್ಕರೆ ಉಣಿಸಿ ನೀರಿನಲ್ಲೇ ರಾಮ್ನೋಲಿಪಿಡ್ ಎಂಬ ಸಕ್ಕರೆ–ಕೊಬ್ಬಿನ ಸರ್ಫ್ಯಾಕ್ಟಂಟನ್ನು ಬೆಳೆಸುತ್ತಾರೆ. ಎವೊನಿಕ್ ಕಂಪನಿ ಸ್ಲೊವಾಕಿಯಾದಲ್ಲಿ 2024ರಲ್ಲಿ ಅಂಥ ಕಾರ್ಖಾನೆಯನ್ನು ಆರಂಭಿಸಿದೆ. ದ್ರಾವಕದ ಚಿಂತೆ ಅಲ್ಲಿ ಬಹುಮಟ್ಟಿಗೆ ತೀರಿತು.

ಈಗ ಮಂಡ್ಯದ ಸರ್‌ಗೆ ಕೊಟ್ಟ ಮಾತು. 1989ರಲ್ಲಿ ಡೆನ್ಮಾರ್ಕಿನ ನೊವೊ ಕಂಪನಿಯ ಸಂಶೋಧಕರು ಎಥನಾಲಿನೊಂದಿಗಿನ ಜಗಳವನ್ನೇ ಉಪಯೋಗಕ್ಕೆ ತಿರುಗಿಸಿದರು. ಗ್ಲುಕೋಸಿನ ಬದಲು ಈಥೈಲ್ ಗ್ಲುಕೋಸೈಡ್ ತೆಗೆದುಕೊಂಡರು. ಅದು ಗ್ಲುಕೋಸಿಗೆ ಮೊದಲೇ ಎಥನಾಲ್ ಸೇರಿಸಿ, ಫಿಷರರ ವಿಧಾನದಲ್ಲಿ ಮಾಡಿಕೊಳ್ಳಬಹುದಾದ ವಸ್ತು. ಮೊದಲನೇ ಇಂಗಾಲದ ಮೇಲೆ ಕುಳಿತ ಆ ಪುಟ್ಟ ಈಥೈಲ್ ಬಾಲದಿಂದ ಸಕ್ಕರೆಯ ಸ್ವಭಾವವೇ ಮೆತ್ತಗಾಗುತ್ತದೆ, ಕರಗಿದ ಕೊಬ್ಬಿನಾಮ್ಲದೊಂದಿಗೆ ಬೆರೆಯುತ್ತದೆ. 70 ಡಿಗ್ರಿಯಲ್ಲಿ, ಕಡಿಮೆ ಒತ್ತಡದಲ್ಲಿ, ಕ್ಯಾಂಡಿಡಾ ಅಂಟಾರ್ಕ್ಟಿಕಾದ ಲಿಪೇಸ್ ಹಾಕಿದರೆ ಆರನೇ ಕೈಗೆ ಎಸ್ಟರ್. ನೀರು ನಿರ್ವಾತಕ್ಕೆ ಹೋಗುತ್ತದೆ. ದ್ರಾವಕ ಇಲ್ಲವೇ ಇಲ್ಲ. ವಿನೈಲ್ ಇಲ್ಲ, ಡಿಎಂಎಸ್‌ಒ ಇಲ್ಲ. ಒಳ್ಳೆಯ ದ್ರಾವಕಕ್ಕಾಗಿ ಅಲೆಯುವ ಬದಲು ಸಕ್ಕರೆಯನ್ನೇ ಚೂರು ತಿದ್ದಿಕೊಂಡ ಈ ಜಾಣ್ಮೆ ನನಗೆ ಈ ಕ್ಷೇತ್ರದಲ್ಲೇ ಅತ್ಯಂತ ಮೆಚ್ಚುಗೆಯದು.

ಕಬ್ಬಿನಗದ್ದೆ | ಜೂನ್ 6, ರಾತ್ರಿ 7.55

ಇದನ್ನು ಓದಿ ಖುಷಿಯಿಂದ ಎದ್ದು ಓಡಾಡಿದೆ. ಸಕ್ಕರೆಯೂ ನಮ್ಮದು, ಎಥನಾಲೂ ನಮ್ಮದು. ಫಿಷರರ ಕ್ರಿಯೆಗೆ ಗಂಧಕಾಮ್ಲದ ಬದಲು ಆಮ್ಲೀಯ ರಾಳ ಬಳಸಿದರೆ ಸೋಸಿ ತೆಗೆಯಬಹುದು, ತಟಸ್ಥಗೊಳಿಸುವ ಗೊಡವೆ ಇಲ್ಲ. ಮಿಕ್ಕ ಎಥನಾಲನ್ನು ಭಟ್ಟಿ ಇಳಿಸುವುದು ನಮಗೆ ನಿತ್ಯದ ಕೆಲಸ. ನಾಲ್ಕನೇ ಸೆಮಿಸ್ಟರ್ ಅವರಿಗೆ ಇಷ್ಟವಿದ್ದರೆ ನೀರಿನಂಶವಿಲ್ಲದ ಎಥನಾಲಿನಲ್ಲಿ ಈ ಮೊದಲ ಹಂತವನ್ನು ಹೇಗೆ ಮಾಡಬೇಕೆಂದು ನಾನು ವಿವರವಾಗಿ ಬರೆದುಕೊಡುತ್ತೇನೆ.

ತಿಪಟೂರಿನ ಸಾಬೂನು ಮನೆ | ಜೂನ್ 7, ಬೆಳಿಗ್ಗೆ 6.50

ಕೊಬ್ಬಿನಾಮ್ಲ ನಾನು ಕೊಡುತ್ತೇನೆ! ನನ್ನ ಕೊಬ್ಬರಿ ಸಾಬೂನಿನ ತುಂಡುಗಳನ್ನು ಬಿಸಿನೀರಿನಲ್ಲಿ ಕರಗಿಸಿ ಆಮ್ಲ ಹಾಕಿದರೆ ಕೊಬ್ಬಿನಾಮ್ಲ ಮೇಲೆ ತೇಲುತ್ತದೆ, ಅಲ್ಲವೇ ಸರ್? ಕತ್ತರಿಸಿದ ಅಂಚಿನ ಚೂರುಗಳು ನನ್ನಲ್ಲಿ ಬೇಕಾದಷ್ಟಿವೆ.

ಕಿಣ್ವಪ್ರಿಯ | ಜೂನ್ 7, ಬೆಳಿಗ್ಗೆ 9.10

ಸರಿಯಾಗಿ ಹೇಳಿದಿರಿ. ಸುಗಂಧ, ಬಣ್ಣ ಹಾಕದ ಸಾಬೂನು ಆರಿಸಿ. ಆಮ್ಲ ಹಾಕುವ ಕೆಲಸವನ್ನು ಮಗಳು ಪ್ರಯೋಗಾಲಯದಲ್ಲೇ ಮಾಡಲಿ, ನೀವು ಸಾಬೂನು ಕಳಿಸಿದರೆ ಸಾಕು. ಮೇಲೆ ಬಂದ ಕೊಬ್ಬಿನಾಮ್ಲವನ್ನು ಆಮ್ಲದ ಗುರುತು ಹೋಗುವವರೆಗೂ ಬಿಸಿನೀರಿನಲ್ಲಿ ತೊಳೆದು ಚೆನ್ನಾಗಿ ಒಣಗಿಸಬೇಕು. ಕೊಬ್ಬರಿ ಎಣ್ಣೆಯಲ್ಲಿ ಲಾರಿಕ್ ಹೆಚ್ಚುಕಡಿಮೆ ಅರ್ಧದಷ್ಟು, ಉಳಿದವು ಎಂಟು, ಹತ್ತು, ಹದಿನಾಲ್ಕು ಇಂಗಾಲದವು ಮತ್ತು ಇತರ. ಹಾಗಾಗಿ ಸಿಗುವುದು ಒಂದೇ ಎಸ್ಟರ್ ಅಲ್ಲ, ಒಂದು ಕುಟುಂಬ. ಈಥೈಲ್ ಗ್ಲುಕೋಸೈಡ್ 208, ಲಾರಿಕ್ 200, ನೀರು ಕಳೆದರೆ 390. ಅಣುಗಳ ತೂಕ ತೋರಿಸುವ ಮಾಸ್ ಸ್ಪೆಕ್ಟ್ರಮ್ಮಿನಲ್ಲಿ ಸೋಡಿಯಂ ಸೇರಿ 413ರಲ್ಲಿ ಮುಖ್ಯ ಶಿಖರ ಕಾಣಬೇಕು, ಅದರ ಅಕ್ಕಪಕ್ಕ 28ರ ಅಂತರದಲ್ಲಿ ಮೆಟ್ಟಿಲುಗಳು.

ನಾಲ್ಕನೇ ಸೆಮಿಸ್ಟರ್ | ಜುಲೈ 19, ರಾತ್ರಿ 10.30

ಇಷ್ಟು ದಿನ ಬರೆಯಲಿಲ್ಲ, ಏಕೆಂದರೆ ಬರೆಯಲು ಏನೂ ಇರಲಿಲ್ಲ. ಮೊದಲ ಎರಡು ಸಲ ಈಥೈಲ್ ಗ್ಲುಕೋಸೈಡ್ ಸರಿಯಾಗಿ ಒಣಗಿರಲಿಲ್ಲ, ಅಂಟು ಪಾಕವಾಗಿ ಉಳಿಯಿತು. ಮಂಡ್ಯದ ಸರ್ ಫೋನಿನಲ್ಲಿ ಒಂದೊಂದು ಹೆಜ್ಜೆಯನ್ನೂ ಹೇಳಿಕೊಟ್ಟರು. ಮೂರನೇ ಸಲ ತಿಪಟೂರಿನ ಕೊಬ್ಬಿನಾಮ್ಲದೊಂದಿಗೆ ಸುತ್ತುವ ಆವಿಕಾರಕದಲ್ಲಿ, ಕಾಂತದ ಕಡ್ಡಿ ಇಲ್ಲದೆ, 70 ಡಿಗ್ರಿಯಲ್ಲಿ ನಿರ್ವಾತ ಕೊಟ್ಟು ಒಂದು ಹಗಲು ಒಂದು ರಾತ್ರಿ ತಿರುಗಿಸಿದೆ. ತಳದಲ್ಲಿ ಏನೂ ಕೂರಲಿಲ್ಲ, ಎಲ್ಲವೂ ತಿಳಿ ಜೇನಿನಂತೆ ಒಂದಾಯಿತು. ಮಣಿಗಳು ಇಡಿಯಾಗಿಯೇ ಉಳಿದಿವೆ, ಈಗ ಅವುಗಳ ನಾಲ್ಕನೇ ಸರದಿ ನಡೆಯುತ್ತಿದೆ.

ಇಂದು ಮಧ್ಯಾಹ್ನ ಮಾಸ್ ಫಲಿತಾಂಶ ಬಂತು. 413 ಎಲ್ಲಕ್ಕಿಂತ ಎತ್ತರವಾಗಿ ನಿಂತಿದೆ. ಅದರ ಎಡಕ್ಕೆ 385 ಮತ್ತು 357, ಬಲಕ್ಕೆ 441. ಕಾಗದವನ್ನು ಕೈಯಲ್ಲಿ ಹಿಡಿದುಕೊಂಡು ಹಾಸ್ಟೆಲಿನ ಮೆಟ್ಟಿಲ ಮೇಲೆ ಕುಳಿತು ಇದನ್ನು ಬರೆಯುತ್ತಿದ್ದೇನೆ. ತಿಪಟೂರಿನ ಅಕ್ಕ, ನಿಮ್ಮ ಲೋಷನ್ನಿಗೆ ಪರೀಕ್ಷಿಸಲು ಹತ್ತು ಗ್ರಾಂ ಸಾಕಾಗುತ್ತದೆಯೇ?

ತಿಪಟೂರಿನ ಸಾಬೂನು ಮನೆ | ಜುಲೈ 20, ಬೆಳಿಗ್ಗೆ 6.05

ಸಾಕು ತಂಗಿ, ಧಾರಾಳವಾಗಿ ಸಾಕು. ಮೊದಲು ಐದು ಗ್ರಾಂ ಹಾಕಿ ನೂರು ಗ್ರಾಂ ಲೋಷನ್ ಮಾಡಿ, ಎರಡು ವಾರ ಕಿಟಕಿಯ ಬಿಸಿಲಲ್ಲಿ ಇಟ್ಟು, ಎಣ್ಣೆ ಬೇರೆಯಾಗುತ್ತದೆಯೇ ನೋಡುತ್ತೇನೆ. ಇನ್ನೈದು ಗ್ರಾಂ ಜೋಪಾನವಾಗಿ ಇಟ್ಟುಕೊಳ್ಳುತ್ತೇನೆ. ಸಾಬೂನಿನ ಹೊಸ ಪೊಟ್ಟಣ ನಾಳೆಯ ಬಸ್ಸಿಗೆ ಹಾಕುತ್ತೇನೆ.